ಕರೆಯಲು ಯಾರು ಹೋಗಬೇಕು?



ಆಷಾಢ ಮುಗಿಯುತ್ತ ಬಂತು. ನಮ್ಮ ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ ಕಡೆಯ ಅಡುಗೆಮನೆಗಳಲ್ಲಿ ಈಗ ನಾಗರ ಪಂಚಮಿಯದೇ ತಯಾರಿ. ಶೇಂಗಾ ಹುರಿದು ಸಿಪ್ಪೆ ತೆಗೆಯಬೇಕು, ಎಳ್ಳು ತೊಳೆದು ಒಣಗಿಸಬೇಕು, ರೊಟ್ಟಿ ಹಬ್ಬಕ್ಕೆ ಸಜ್ಜಿ ಬೀಸಿಸಿಕೊಂಡು ಬರಬೇಕು, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕುಟ್ಟಿಡಬೇಕು. ಈ ಕೆಲಸಗಳೆಲ್ಲ ಕಣ್ಣಿಗೆ ಕಾಣುತ್ತವೆ, ಮೂಗಿಗೂ ತಿಳಿಯುತ್ತವೆ. ಇವುಗಳ ನಡುವೆಯೇ ಇನ್ನೊಂದು ಕೆಲಸ ನಡೆದಿರುತ್ತದೆ. ಪುಣೆಯ ತಮ್ಮನಿಗೆ ರಜೆ ಸಿಕ್ಕಿತೇ? ಬೆಂಗಳೂರಿನ ಸೊಸೆ ಬಸುರಿ, ಪ್ರಯಾಣ ಮಾಡಬಹುದೇ? ಇಳಕಲ್ಲಿನ ಸೋದರತ್ತೆಯ ಮೊಣಕಾಲು ನೋವು ಹೇಗಿದೆ, ಆಕೆಯನ್ನು ಕರೆತರಲು ಯಾರಾದರೂ ಹೋಗುತ್ತಾರೆಯೇ? ಮಸ್ಕತ್ತಿನ ಹುಡುಗ ಈ ಸಲವೂ ಬರುವುದಿಲ್ಲ, ಅವನಿಗೆ ಉಂಡಿ ಕಳಿಸುವುದು ಯಾರ ಕೈಯಲ್ಲಿ? ಇದನ್ನೆಲ್ಲ ಕೇಳಿ ತಿಳಿದುಕೊಂಡು, ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸಿ, ಚದುರಿದ ಬಳಗವನ್ನು ಒಂದು ಲೆಕ್ಕದಲ್ಲಿ ಇಟ್ಟುಕೊಳ್ಳುವ ಕೆಲಸ. ಇವತ್ತು ನಾನು ಮಾತನಾಡಬೇಕೆಂದಿರುವುದು ಈ ಕೆಲಸದ ಬಗ್ಗೆ, ಅದನ್ನು ಮಾಡುವವರ ಬಗ್ಗೆ.

ನಮ್ಮದು ಗದಗ ಜಿಲ್ಲೆಯ ಎರಿ ಭೂಮಿಯ ಊರು. ಅಜ್ಜನ ಕಾಲದಲ್ಲಿ ಇಡೀ ಬಳಗ ಆ ಊರಿನ ಸುತ್ತಲಿನ ಹಳ್ಳಿಗಳಲ್ಲೇ ಇತ್ತು. ಅಪ್ಪನ ಕಾಲಕ್ಕೆ ಹುಬ್ಬಳ್ಳಿ, ಸೊಲ್ಲಾಪುರ, ಮುಂಬೈ ಸೇರಿಕೊಂಡವು. ನಮ್ಮ ಕಾಲಕ್ಕೆ ಪುಣೆ, ಬೆಂಗಳೂರು. ಈಗ ಮಕ್ಕಳ ಕಾಲಕ್ಕೆ ಮಸ್ಕತ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಮೆಲ್ಬರ್ನ್. ಉತ್ತರ ಕರ್ನಾಟಕದ ಯಾವ ಮನೆಯನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಪಟ್ಟಿ ಸಿಗುತ್ತದೆ. ಊರಲ್ಲಿ ಹೊಲ ನೋಡಿಕೊಳ್ಳಲು ಒಬ್ಬ ಕಾಕಾ ಉಳಿದಿರುತ್ತಾನೆ, ಮಿಕ್ಕವರಿಗೆ ಊರು ಎಂದರೆ ಹಬ್ಬ.

ಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ಮಗಳು ತವರಿಗೆ ಬರಬೇಕು, ಬೇವಿನ ಮರಕ್ಕೋ ಹುಣಸೆ ಮರಕ್ಕೋ ಕಟ್ಟಿದ ಜೋಕಾಲಿ ಜೀಕಬೇಕು, ಓರಗೆಯವರ ಜೊತೆ ಕೂತು ವರ್ಷದ ಮಾತನ್ನೆಲ್ಲ ಆಡಿ ಮುಗಿಸಬೇಕು. ಆದರೆ ಆಕೆ ತಾನಾಗಿ ಗಂಟು ಕಟ್ಟಿಕೊಂಡು ಹೊರಟು ಬರುವ ಹಾಗಿರಲಿಲ್ಲ. ಕರೆಯಲು ಯಾರಾದರೂ ಹೋಗಬೇಕಿತ್ತು. ಹೋಗಬೇಕಾದವನು ಅಣ್ಣ ಅಥವಾ ತಮ್ಮ. ಇದು ಅವನ ಮನಸ್ಸಿಗೆ, ಪುರುಸೊತ್ತಿಗೆ ಬಿಟ್ಟ ವಿಷಯವಾಗಿರಲಿಲ್ಲ. ಹೊಲದಲ್ಲಿ ಎಷ್ಟೇ ಕೆಲಸವಿರಲಿ, ಚಕ್ಕಡಿ ಹೂಡಿಕೊಂಡು ಅಕ್ಕತಂಗಿಯರ ಊರಿಗೆ ಹೋಗಲೇಬೇಕು. ಹೋಗದಿದ್ದರೆ ಆ ಊರಿನ ಕಟ್ಟೆಯ ಮೇಲೆ ಕೂತವರೂ ಕೇಳುತ್ತಿದ್ದರು, ‘ಯಾಕ ಬೇ, ಈ ವರ್ಷ ನಿಮ್ಮ ಅಣ್ಣ ಬರಲಿಲ್ಲೇನು?’

ಹೋದ ಮೇಲೆ ಅಲ್ಲಿಯೂ ಒಂದು ಕೆಲಸವಿತ್ತು. ಅಕ್ಕನ ಅತ್ತೆಯ ಮುಂದೆ ಕೂತು, ತಂದ ಬುತ್ತಿ ಇಳಿಸಿ, ಮಾತಿಗೆ ಮಾತು ಹೊಂದಿಸಬೇಕು. ‘ಅತ್ತೀ, ಅಕ್ಕನ್ನ ಪಂಚಮಿಗೆ ಕರಕೊಂಡು ಹೋಗಾಕ ಬಂದೇನ್ರಿ.’ ‘ಎಡಿ ಹೊಡಿಯೂದೈತಿ, ಕಳೆ ತಗಿಯೂದೈತಿ, ಈ ವರ್ಷ ಹ್ಯಾಂಗ ಕಳಸೂದೋ ತಮ್ಮಾ?’ ‘ನಾಕ ದಿನ ಅಷ್ಟ ರೀ. ಹಬ್ಬ ಆದ ಮ್ಯಾಲೆ ನಾನ ತಂದು ಬಿಡ್ತೇನ್ರಿ.’ ಒಳಗೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತವಳಿಗೆ ಈ ಮಾತು ಕೇಳುತ್ತಿತ್ತು. ತನ್ನ ಪರವಾಗಿ ಮಾತನಾಡಲು ಒಬ್ಬ ಬಂದಿದ್ದಾನೆ ಎನ್ನುವುದು ಆಕೆಗೂ ಗೊತ್ತಾಗುತ್ತಿತ್ತು, ಆ ಮನೆಯವರಿಗೂ ಗೊತ್ತಾಗುತ್ತಿತ್ತು. ಆಕೆ ಬಡಕಲಾಗಿದ್ದಾಳೆಯೇ, ಮೈಮೇಲಿನ ಸೀರೆ ಎಂಥದ್ದು, ಆ ಮನೆಯಲ್ಲಿ ಆಕೆಯ ಮಾತು ನಡೆಯುತ್ತದೆಯೇ ಎಂದು ಅಣ್ಣನ ಕಣ್ಣು ನೋಡಿಕೊಂಡೇ ಬರುತ್ತಿತ್ತು. ಮನೆಗೆ ಬಂದ ಮೇಲೆ ಅವ್ವ ಅವನನ್ನು ಕೇಳುತ್ತಿದ್ದದ್ದೂ ಅದನ್ನೇ.

ಈ ಕಟ್ಟಳೆಯಲ್ಲಿ ದೊಡ್ಡ ವಿವೇಕವಿದೆ ಎಂದು ನನಗೆ ಅನ್ನಿಸುತ್ತದೆ. ಬಳಗವನ್ನು ಕೂಡಿಸಿ ಇಡುವ ಹೊಣೆಯನ್ನು ಅದು ಗಂಡಸಿನ ಹೆಗಲಿಗೆ ಹಾಕಿತ್ತು. ಅಡುಗೆ, ಉಂಡಿ, ರೊಟ್ಟಿ ಹೆಂಗಸರದು. ಹೋಗುವುದು, ಕೇಳುವುದು, ಕರೆತರುವುದು, ತಿರುಗಿ ಮುಟ್ಟಿಸುವುದು ಗಂಡಸರದು. ವರ್ಷಕ್ಕೊಮ್ಮೆಯಾದರೂ ಅವನು ಅಕ್ಕತಂಗಿಯರ ಮನೆಯ ಹೊಸ್ತಿಲು ತುಳಿಯಲೇಬೇಕಾಗಿತ್ತು.

ಅದು ಸಾಧ್ಯವಾಗುತ್ತಿದ್ದದ್ದು ದೂರ ಕಡಿಮೆ ಇದ್ದದ್ದರಿಂದ ಎನ್ನುವುದನ್ನೂ ಹೇಳಬೇಕು. ಇರಾವತಿ ಕರ್ವೆಯವರು ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ಬರೆದ ಗ್ರಂಥ 1953ರಲ್ಲಿ ಪ್ರಕಟವಾಯಿತು. ಉತ್ತರ ಭಾರತದಲ್ಲಿ ಮಗಳನ್ನು ರಕ್ತಸಂಬಂಧವಿಲ್ಲದ ಮನೆಗೆ, ಬೇರೆ ಊರಿಗೆ ಕೊಡುವ ರೂಢಿ. ದಕ್ಷಿಣದಲ್ಲಿ ಸೋದರಮಾವ, ಅತ್ತೆಯ ಮಗ, ಮಾವನ ಮಗ ಎಂದು ಬಳಗದೊಳಗೇ ಕೊಟ್ಟು ತರುವ ರೂಢಿ. ಈ ವ್ಯತ್ಯಾಸವನ್ನು ಅವರು ವಿಸ್ತಾರವಾಗಿ ತೋರಿಸಿದ್ದಾರೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಅತ್ತೆ ಎಂದರೆ ಅಪ್ಪನ ಅಕ್ಕನೋ ಅವ್ವನ ತವರಿನವರೋ ಆಗಿರುತ್ತಿದ್ದರು. ಕೊಟ್ಟ ಊರು ಒಂದು ದಿನದ ಚಕ್ಕಡಿ ಹಾದಿಯೊಳಗೇ ಇರುತ್ತಿತ್ತು. ಬೆಳಿಗ್ಗೆ ಹೂಡಿದರೆ ಸಂಜೆಗೆ ತವರು. ಮುಂದೆ ಗಂಡು ನೋಡುವಾಗ ಬಳಗಕ್ಕಿಂತ ನೌಕರಿ ಮುಖ್ಯವಾಯಿತು. ಒಳ್ಳೆಯದೇ ಆಯಿತು, ಹೆಣ್ಣುಮಕ್ಕಳೂ ಓದಿ ನೌಕರಿಗೆ ಹೋದರು. ಅದರ ಜೊತೆಗೆ ತವರಿನ ಹಾದಿ ಉದ್ದವಾಯಿತು. ಚಕ್ಕಡಿ ಮುಟ್ಟದ ಜಾಗಗಳಿಗೆ ಅಣ್ಣ ಹೋಗುವುದು ಹೇಗೆ?

ಆಗ ನೆರವಿಗೆ ಬಂದದ್ದು ಅಂಚೆ. ಬರಲಾಗದ ಅಣ್ಣ ಪಂಚಮಿಗೆ ಮನಿಯಾರ್ಡರ್ ಕಳಿಸುತ್ತಿದ್ದ. ಅದರ ಫಾರ್ಮಿನ ಕೆಳಗೆ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ‘ಸೀರೆ ತಗೋ, ಹೊಲದ ಕೆಲಸ ಇದೆ, ದೀಪಾವಳಿಗೆ ಬರುತ್ತೇನೆ’ ಎಂಬಷ್ಟು ಜಾಗ. ಪೋಸ್ಟ್‌ಮನ್ ಹಣ ಎಣಿಸಿ ಕೊಟ್ಟು ಆ ಚೂರನ್ನು ಹರಿದು ಕೈಗಿಡುತ್ತಿದ್ದ. ಹಣ ಖರ್ಚಾಗುತ್ತಿತ್ತು, ಆ ಚೂರು ವರ್ಷಗಟ್ಟಲೆ ಟ್ರಂಕಿನ ತಳದಲ್ಲಿ ಇರುತ್ತಿತ್ತು. 1950ರಲ್ಲಿ ಅಂತರ್ದೇಶೀಯ ಪತ್ರ ಬಂತು. ಅಗ್ಗ, ಬರೆಯಲು ಮೂರು ಮಡಿಕೆ ಜಾಗ. ಆದರೆ ಅದರೊಳಗೆ ಏನನ್ನೂ ಇಡುವಂತಿಲ್ಲ. ಅದಕ್ಕೇ ದಸರೆಗೆ ಬನ್ನಿ ಎಲೆ ಕಳಿಸುವವರು, ಸಂಕ್ರಾಂತಿಗೆ ನಾಲ್ಕು ಕಾಳು ಕುಸುರೆಳ್ಳು ಕಳಿಸುವವರು ಹೆಚ್ಚಿನ ದುಡ್ಡು ಕೊಟ್ಟು ಲಕೋಟೆಯನ್ನೇ ಕೊಳ್ಳುತ್ತಿದ್ದರು. ತಂತಿ ಇಲಾಖೆಯಲ್ಲಿ ಶುಭಾಶಯಗಳಿಗೆ ನಂಬರು ಇರುತ್ತಿತ್ತು. ಒಂದನೇ ನಂಬರು ದೀಪಾವಳಿಯದು. ಸಂಖ್ಯೆ ಬರೆದುಕೊಟ್ಟರೆ ಸಾಕು, ಆ ಕಡೆ ಪೂರ್ತಿ ವಾಕ್ಯವಾಗಿ ತಲುಪುತ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ಅಷ್ಟರಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲ ಹೋಗಿ, ರಾತ್ರಿ ದರ ಇಳಿದ ಮೇಲೆ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುವ ಕಾಲವೂ ಹೋಗಿ, ಎಲ್ಲರ ಕೈಗೂ ಮೊಬೈಲ್ ಬಂದಿತ್ತು.

ಈ ಬದಲಾವಣೆಗಳ ನಡುವೆ ಒಂದು ಸಂಗತಿ ಸದ್ದಿಲ್ಲದೆ ನಡೆದುಹೋಯಿತು. ಕರೆಯುವ ಕೆಲಸ ಗಂಡಸರ ಕೈಯಿಂದ ಜಾರಿತು. ಚಕ್ಕಡಿ ಹೂಡುವುದು ಅಣ್ಣನ ಕೆಲಸವಾಗಿತ್ತು. ಫೋನು ಮಾಡುವುದು ವೈನಿಯ ಕೆಲಸವಾಯಿತು. ಈಗ ಗಂಡನ ಅಕ್ಕತಂಗಿಯರಿಗೆ ಹಬ್ಬಕ್ಕೆ ಬರಲು ಹೇಳುವವಳು ಮನೆಯ ಸೊಸೆ. ಗಂಡನ ಸೋದರಮಾವನಿಗೆ ಆಪರೇಷನ್ ಆದದ್ದನ್ನು ನೆನಪಿಟ್ಟು ವಿಚಾರಿಸುವವಳೂ ಆಕೆ. ನೆಗೆಣ್ಣಿಯ ಮಗಳ ಪರೀಕ್ಷೆ, ಭಾವನ ಬಡ್ತಿ, ಅಳಿಯನ ಹೊಸ ಮನೆಯ ವಾಸ್ತು ಎಲ್ಲವೂ ಆಕೆಯ ತಲೆಯಲ್ಲಿ. ಅವನು ಪಕ್ಕದಲ್ಲಿ ಕೂತು ‘ನಾನೂ ಕೇಳಿದೆ ಅಂತ ಹೇಳು’ ಎನ್ನುತ್ತಾನೆ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ ಅವರು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಇಟಲಿ ಮೂಲದ ಕುಟುಂಬಗಳನ್ನು ಅಭ್ಯಾಸ ಮಾಡಿ 1987ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹಬ್ಬದ ಕಾರ್ಡು ಬರೆಯುವುದು, ಫೋನು ಮಾಡುವುದು, ಉಡುಗೊರೆ ಆರಿಸುವುದು, ಹಬ್ಬದೂಟಕ್ಕೆ ಯಾರನ್ನು ಕರೆಯಬೇಕೆಂದು ಯೋಚಿಸುವುದು, ಇದೂ ಒಂದು ದುಡಿಮೆ, ಮನೆಗೆಲಸದಷ್ಟೇ ನಿಜವಾದ ದುಡಿಮೆ, ಇದನ್ನು ಮಾಡುವವರು ಹೆಂಗಸರು ಎಂದು ಅವರು ತೋರಿಸಿದರು. ಆ ಪ್ರಬಂಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ. ತಾಯಿ ತೀರಿಕೊಂಡಾಗ, ಅಥವಾ ಗಂಡಹೆಂಡತಿ ಬೇರೆಯಾದಾಗ, ಈ ಕೆಲಸ ಹಾಗೇ ನಿಂತುಹೋಗುತ್ತಿತ್ತಂತೆ. ಗಂಡಸು ಮತ್ತೆ ಮದುವೆಯಾದರೆ ಹೊಸದಾಗಿ ಬಂದವಳು ಅವನ ಬಳಗವನ್ನು ಅವನಿಗೆ ಮತ್ತೆ ಕೂಡಿಸಿ ಕೊಡುತ್ತಿದ್ದಳಂತೆ.

ಇದನ್ನು ನಾವೂ ಕಂಡಿದ್ದೇವೆ. ಮನೆಯ ದೊಡ್ಡವ್ವ ತೀರಿಕೊಂಡ ವರ್ಷ ಎಲ್ಲರೂ ಸೇರಿ ಅತ್ತಿರುತ್ತೇವೆ. ಮರುವರ್ಷ ಹಬ್ಬಕ್ಕೆ ಅರ್ಧ ಜನ ಬರುತ್ತಾರೆ. ಮೂರನೆಯ ವರ್ಷ ಯಾರು ಎಲ್ಲಿದ್ದಾರೆ ಎಂದು ಒಬ್ಬರಿಗೊಬ್ಬರು ಕೇಳುವುದೂ ಕಡಿಮೆಯಾಗುತ್ತದೆ. ಪ್ರೀತಿ ಒಣಗಿತು ಎಂದು ಜನ ಮಾತಾಡಿಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರೀತಿ ಎಲ್ಲರಲ್ಲೂ ಇರುತ್ತದೆ, ಎದುರು ಸಿಕ್ಕಾಗ ಉಕ್ಕಿ ಬರುತ್ತದೆ. ನಿಂತುಹೋದದ್ದು ಕೆಲಸ. ಒಬ್ಬ ಹೆಂಗಸು ನಲವತ್ತು ಐವತ್ತು ವರ್ಷ ಮಾಡುತ್ತಿದ್ದ ಕೆಲಸವನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ, ಏಕೆಂದರೆ ಅದು ಕೆಲಸವೆಂದು ಯಾರಿಗೂ ತೋರಿರಲಿಲ್ಲ.

ನಮ್ಮ ಹಬ್ಬಗಳಿಗೆ ಇದು ಗೊತ್ತಿತ್ತು ಎಂದೇ ನನ್ನ ನಂಬಿಕೆ. ಪಂಚಮಿಯ ದಿನ ನಾಗಪ್ಪನಿಗೆ ಹಾಲು ಎರೆಯುವುದನ್ನು ನೆನಪಿಸಿಕೊಳ್ಳಿ. ಹುತ್ತದ ಮುಂದೆಯೋ ಕಲ್ಲಿನ ನಾಗಪ್ಪನ ಮುಂದೆಯೋ ಕೂತು, ಕೊಬ್ಬರಿ ಬಟ್ಟಲು ಕೈಯಲ್ಲಿ ಹಿಡಿದು ಒಂದೊಂದೇ ಸಲ ಹಾಲು ಹಾಕುತ್ತ ಹೆಸರು ಹೇಳುತ್ತೇವೆ. ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಅಮ್ಮನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಕಾಕಾನ ಪಾಲು, ಚಿಗವ್ವನ ಪಾಲು. ಎದುರಿಗೆ ಇರುವವರ ಹೆಸರು ಮುಗಿದ ಮೇಲೆ ಇಲ್ಲದವರ ಹೆಸರು ಬರುತ್ತದೆ. ಮುಂಬೈಯಲ್ಲಿರುವ ಮಾವನ ಪಾಲು. ಮಿಲಿಟರಿಯಲ್ಲಿರುವ ಅಣ್ಣನ ಪಾಲು. ಬರಲಾಗದ ಅಕ್ಕನ ಪಾಲು. ಮಕ್ಕಳು ಒಂದು ಹೆಸರು ಬಿಟ್ಟರೆ ಹಿಂದೆ ಕೂತ ಹಿರಿಯರು ನೆನಪಿಸುತ್ತಾರೆ, ‘ಇಳಕಲ್ಲ ಅತ್ತೀ ಪಾಲು ಹಾಕೋ’ ಎಂದು. ವರ್ಷಕ್ಕೊಮ್ಮೆ ಇಡೀ ಬಳಗದ ಹಾಜರಿ ತೆಗೆಯುವ ಕ್ರಮ ಇದು. ಐದು ವರ್ಷದ ಮಗುವಿನ ಬಾಯಲ್ಲಿ ತಾನು ನೋಡಿಯೇ ಇರದ ನೆಂಟರ ಹೆಸರು ನಿಲ್ಲುತ್ತದೆ. ನಮ್ಮಲ್ಲಿ ಎಷ್ಟೋ ಮಂದಿಗೆ ಬಳಗದ ಪಾಠ ಆದದ್ದು ಅಲ್ಲಿಯೇ.

ಹೆಸರಿಗೆ ಇನ್ನೊಂದು ಜಾಗವೂ ಇತ್ತು. ಮದುವೆಗಳಲ್ಲಿ ಆಯೇರಿ ಬಂದದ್ದನ್ನು, ಮುಯ್ಯಿ ಬಂದದ್ದನ್ನು ಬರೆದಿಡುವ ವಹಿ. ಯಾವ ಊರಿನ ಯಾರು, ಸೀರೆ ಕೊಟ್ಟರೋ ಕುಪ್ಪಸದ ಕಣ ಕೊಟ್ಟರೋ, ಪಾತ್ರೆಯೋ, ರೊಕ್ಕವೋ, ಎಲ್ಲ ಸಾಲುಸಾಲಾಗಿ. ತಿರುಗಿ ಕೊಡಲು ಲೆಕ್ಕ ಬೇಕೆಂದು ಬರೆದದ್ದು ನಿಜ. ಆದರೆ ಹಳೆಯ ಮುಯ್ಯಿ ವಹಿಗಳನ್ನು ಇವತ್ತು ತೆರೆದು ನೋಡಿದರೆ ಮನೆತನದ ಇಡೀ ನಕ್ಷೆಯೇ ಅಲ್ಲಿರುತ್ತದೆ. ನಿಮ್ಮ ಮನೆಯಲ್ಲಿ ಅಂಥ ವಹಿ ಇದ್ದರೆ ದಯಮಾಡಿ ರದ್ದಿಗೆ ಹಾಕಬೇಡಿ. ಈ ಪಂಚಮಿಗೆ ಊರಿಗೆ ಬಂದ ಹುಡುಗರ ಕೈಯಲ್ಲಿ ಪುಟ ಪುಟದ ಫೋಟೋ ತೆಗೆಸಿ, ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು, ಪ್ರತಿ ಹೆಸರಿನ ಮುಂದೆ ‘ಇವರು ನಮಗೆ ಏನಾಗಬೇಕು’ ಎಂದು ಬರೆಸಿಕೊಳ್ಳಿ. ಅದನ್ನು ಹೇಳಬಲ್ಲ ಬಾಯಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ನಮ್ಮ ಬಳಗದಲ್ಲಿ ಈಗ ಕೆಲವು ವರ್ಷಗಳಿಂದ ಈ ಕೆಲಸವನ್ನು ಹಂಚಿಕೊಂಡಿದ್ದೇವೆ. ಹಂಚುವಾಗ ಒಂದೇ ನಿಯಮ: ಕರೆಯುವುದು ಗಂಡುಮಕ್ಕಳ ಪಾಲು. ಅಣ್ಣತಮ್ಮಂದಿರು ತಮ್ಮ ಅಕ್ಕತಂಗಿಯರಿಗೆ ತಾವೇ ಫೋನು ಮಾಡಬೇಕು, ಹೆಂಡತಿಯ ಕೈಯಲ್ಲಿ ಹೇಳಿಸಬಾರದು. ಮಾತನಾಡಿ ರೂಢಿಯಿಲ್ಲದವರಿಗೆ ಮೊದಲು ತೊಡಕಾಯಿತು. ‘ಆರಾಮೇನು?’ ‘ಆರಾಮ’ ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು ಮೆಲ್ಲಗೆ ಬೆಳೆಯಿತು. ಐವತ್ತು ದಾಟಿದ ತಮ್ಮನೊಬ್ಬ ಈಗ ಮೂವರು ಅಕ್ಕಂದಿರ ಔಷಧಿಯ ಹೆಸರು ಹೇಳಬಲ್ಲ. ಅವರ ಪೈಕಿ ಒಬ್ಬಾಕೆಗೆ ಸಕ್ಕರೆ ಕಾಯಿಲೆ ಜೋರಾದದ್ದು ಮನೆಯವರಿಗಿಂತ ಮೊದಲು ಅವನಿಗೇ ತಿಳಿಯಿತು, ಏಕೆಂದರೆ ಆಕೆ ಅದನ್ನು ತಮ್ಮನಿಗೆ ಹೇಳಿಕೊಂಡಳು.

ಹೊತ್ತು ಕೂಡಿಸುವುದೂ ಒಂದು ಕೆಲಸ. ಇದನ್ನು ಲೆಕ್ಕ ಬಲ್ಲ ಹುಡುಗನೊಬ್ಬನಿಗೆ ಒಪ್ಪಿಸಿದ್ದೇವೆ. ನಮ್ಮ ಪಂಚಾಂಗದ ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅಧಿಕಮಾಸ ಬಂದು ಅದನ್ನು ಸರಿದೂಗಿಸುತ್ತದೆ. ಆದ್ದರಿಂದ ಪಂಚಮಿ 2023ರಲ್ಲಿ ಅಧಿಕ ಶ್ರಾವಣ ಕಳೆದು ಆಗಸ್ಟ್ 21ಕ್ಕೆ ಬಂತು, 2024ರಲ್ಲಿ ಆಗಸ್ಟ್ 9ಕ್ಕೆ, 2025ರಲ್ಲಿ ಜುಲೈ 29ಕ್ಕೆ. ಊರಲ್ಲಿದ್ದವರಿಗೆ ಅಮಾವಾಸ್ಯೆ ನೋಡಿ ತಿಳಿಯುತ್ತದೆ. ಮೆಲ್ಬರ್ನ್‌ನಲ್ಲಿದ್ದವರಿಗೆ ಯಾರಾದರೂ ಹೇಳಬೇಕು, ಅದೂ ರಜೆ ಕೇಳಿಕೊಳ್ಳುವಷ್ಟು ಮೊದಲೇ ಹೇಳಬೇಕು. ರೈಲಿನ ಮುಂಗಡ ಟಿಕೆಟ್ ಮೊದಲು 120 ದಿನಕ್ಕೆ ತೆರೆಯುತ್ತಿತ್ತು, 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಹಾಗಾಗಿ ಬೆಂಗಳೂರು, ಮುಂಬೈಯವರಿಗೆ ಎರಡು ತಿಂಗಳು ಮುಂಚೆ ತಾರೀಖು ನೆನಪಿಸುವುದು ಅವನ ಕೆಲಸ. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ವರ್ಷದ ಹಬ್ಬಗಳ ತಾರೀಖನ್ನೆಲ್ಲ ಬರೆದು ಎಲ್ಲರಿಗೂ ಕಳಿಸಿಬಿಡುತ್ತಾನೆ.

ದೀಪಾವಳಿಗೆ ಇನ್ನೂ ಒಂದು ತೊಡಕಿದೆ. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮ ಹಬ್ಬ ಒಮ್ಮೆ ಅದಕ್ಕಿಂತ ಮೊದಲು ಬರುತ್ತದೆ, ಒಮ್ಮೆ ಆಮೇಲೆ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ ಇದ್ದಾಗ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. 2023ರಲ್ಲಿ ನವೆಂಬರ್ 12ಕ್ಕೆ ಬಂದಾಗ ಹತ್ತೂವರೆ ಗಂಟೆ ಹಿಂದೆ. ಇದು ಗೊತ್ತಿರದೆ ಕಾದು ಕೂತು, ಆ ಕಡೆಯವರು ಫೋನು ಎತ್ತಲಿಲ್ಲವೆಂದು ಮನಸ್ಸು ಕೆಡಿಸಿಕೊಂಡ ಅಜ್ಜಿಯರು ಎಷ್ಟು ಜನವೋ. ಎಲ್ಲ ಲೆಕ್ಕ ಹಾಕಿದ ಮೇಲೆ ನಮಗೆ ಸಿಕ್ಕ ಹೊತ್ತು ಬೆಳಗಿನ ಏಳೂವರೆ. ಅಕ್ಟೋಬರಿನಲ್ಲಿ ಆಗ ಮಸ್ಕತ್ತಿನಲ್ಲಿ ಬೆಳಗಿನ ಆರು, ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ ಒಂದು, ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಹತ್ತು, ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಸಂಜೆ ಏಳು. ಇಷ್ಟೂ ಕಡೆ ಜನ ಎದ್ದಿರುವ ಹೊತ್ತು ಇದೊಂದೇ. ನಸುಕಿನಲ್ಲಿ ಎಣ್ಣೆ ಹಚ್ಚಿ ಎರೆದುಕೊಂಡು, ಆರತಿ ಬೆಳಗಿಸಿಕೊಂಡು ಮನೆಯವರೂ ಒಂದು ಕಡೆ ಸೇರಿರುತ್ತಾರೆ.

ಆದರೆ ಏಳೂವರೆಗೆ ಹೆಂಗಸರು ಒಲೆಯ ಮುಂದೆ ಇರುತ್ತಾರೆ. ಹೂರಣ ರುಬ್ಬುತ್ತಿರುತ್ತಾರೆ, ಕಟ್ಟಿನ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾರೆ. ಫೋನು ಹಿಡಿದು ಮನೆಯೆಲ್ಲ ತಿರುಗಿ, ದೇವರಮನೆ, ಹಿತ್ತಲು, ಹಟ್ಟೆವ್ವನ ಪೂಜೆ ತೋರಿಸಿ, ಹಾಸಿಗೆ ಹಿಡಿದ ಮುತ್ಯಾನ ಕಿವಿಯ ಹತ್ತಿರ ಮೊಮ್ಮಗಳ ದನಿ ಮುಟ್ಟಿಸುವವರು ಯಾರು? ಅದೂ ಗಂಡುಮಕ್ಕಳ ಪಾಲಿಗೇ ಬಂತು. ಆರತಿ ತಟ್ಟೆಯ ವಿಷಯವೂ ಹಾಗೆಯೇ. ಅಕ್ಕ ಕ್ಯಾಲಿಫೋರ್ನಿಯಾದಿಂದ ಆರತಿ ಬೆಳಗುತ್ತಾಳೆ, ತಮ್ಮ ಇಲ್ಲಿ ಕೂತು ಹಣೆಗೆ ಕುಂಕುಮ ತಾನೇ ಹಚ್ಚಿಕೊಳ್ಳುತ್ತಾನೆ. ತಟ್ಟೆಗೆ ಹಾಕುವ ರೊಕ್ಕವನ್ನು ಅವಳ ಹೆಸರಿನಲ್ಲಿ ಊರಿನ ಕಾಕುವಿಗೆ ಕೊಡುತ್ತಾನೆ, ಕಾಕು ಒಂದು ಇಳಕಲ್ ಸೀರೆ ತೆಗೆದಿಡುತ್ತಾಳೆ. ಅವಳು ಬಂದಾಗ ಉಡಿ ತುಂಬಲು ಅದು ಸಿದ್ಧವಿರುತ್ತದೆ.

ಸಾವಾದ ಮನೆಗಳನ್ನು ನೆನಪಿಡುವುದು ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ. ಆ ವರ್ಷ ಅವರ ಮನೆಯಲ್ಲಿ ಹಬ್ಬವಿಲ್ಲ, ಬಾಣಲೆ ಏರುವುದಿಲ್ಲ. ದೂರದಲ್ಲಿರುವವರಿಗೆ ಇದು ತಿಳಿದಿರುವುದಿಲ್ಲ, ಬಣ್ಣದ ದೀಪಗಳ ಚಿತ್ರ ಕಳಿಸಿಬಿಡುತ್ತಾರೆ. ಕಳಿಸಿದವರಿಗೆ ಆಮೇಲೆ ಸಂಕಟ, ನೋಡಿದವರಿಗೆ ಆಗಲೇ ಸಂಕಟ. ಆದ್ದರಿಂದ ಹಬ್ಬದ ಹಿಂದಿನ ವಾರವೇ ಒಬ್ಬರು ಎಲ್ಲರಿಗೂ ತಿಳಿಸಬೇಕು, ಇಂಥವರ ಮನೆಯಲ್ಲಿ ಈ ವರ್ಷ ಹಬ್ಬ ಮಾಡುತ್ತಿಲ್ಲ ಎಂದು. ಹತ್ತಿರವಿದ್ದವರು ತಾವು ಮಾಡಿದ್ದರಲ್ಲಿ ಒಂದು ಪಾಲು ಅವರ ಮನೆಗೆ ಒಯ್ದು, ಕೂತು ಉಣ್ಣಿಸಿ ಬರಬೇಕು. ದೂರದವರು ಶುಭಾಶಯ ಹೇಳದೆ ಸುಮ್ಮನೆ ಮಾತನಾಡಿಸಬೇಕು. ತೀರಿಕೊಂಡವರ ಹೆಸರು ಎತ್ತಿದರೆ ಅಳು ಬರುತ್ತದೆ ಎಂದು ಹೆದರಬಾರದು. ಆ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಬೇಕೆಂದೇ ಆ ಮನೆಯವರು ಕಾದಿರುತ್ತಾರೆ.

ಮುನಿಸಿಕೊಂಡವರ ಮಾತೇನು? ಹೊಲದ ಬದುವಿಗೆ, ಮನೆಯ ಪಾಲಿಗೆ, ಮದುವೆಯಲ್ಲಿ ಸರಿಯಾಗಿ ಮಾತನಾಡಿಸಲಿಲ್ಲ ಎಂಬುದಕ್ಕೆ ದೊಡ್ಡ ಬಳಗದಲ್ಲಿ ಜಗಳ ಇದ್ದೇ ಇರುತ್ತದೆ. ಇದಕ್ಕೆ ನಮ್ಮ ಹಿರಿಯರು ವಿಜಯದಶಮಿಯನ್ನು ಇಟ್ಟಿದ್ದರು. ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಆವತ್ತು ಮಾತು ಬಿಟ್ಟವರ ಮನೆಗೂ ಹೋಗಬಹುದು, ಹೋದರೆ ಸೋತಂತೆ ಅಲ್ಲ. ಜಗಳದ ಮೂಲವನ್ನು ಯಾರೂ ಕೆದಕುವುದಿಲ್ಲ, ಎಲೆ ಕೊಟ್ಟು ಎಲೆ ತೆಗೆದುಕೊಂಡರೆ ಆಯಿತು. ದೂರದಲ್ಲಿರುವವರು ಈ ದಿನವನ್ನು ಕಳೆದುಕೊಳ್ಳಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಮಾತು ಬಿಟ್ಟ ಅಣ್ಣನಿಗೆ ಬೇರೆ ದಿನ ಫೋನು ಮಾಡಲು ನೆಪ ಸಿಗುವುದಿಲ್ಲ. ದಸರೆಯ ಸಂಜೆ ನೆಪವೇ ಬೇಕಿಲ್ಲ. ಇಲ್ಲವೇ ಇಂದಿಗೂ ಒಂದು ಲಕೋಟೆಯಲ್ಲಿ ಎರಡು ಬನ್ನಿ ಎಲೆ ಇಟ್ಟು ಕಳಿಸಿ. ಒಣಗಿದ್ದರೂ ತಲುಪುತ್ತದೆ.

ತಲುಪುವುದರ ಮಾತು ಬಂದಾಗ ಪಂಚಮಿಯ ಅಡುಗೆಯ ಬಗ್ಗೆಯೂ ಹೇಳಬೇಕು. ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ, ಬೇಸನ್ ಉಂಡಿ, ತಂಬಿಟ್ಟು, ಅಳ್ಳಿಟ್ಟು, ಕಡಕ್ ರೊಟ್ಟಿ, ಹಿಂಡಿಗಳು. ಇವುಗಳಲ್ಲಿ ಬೇಗ ಹಳಸುವಂಥದ್ದು ಒಂದೂ ಇಲ್ಲ. ಹುರಿದದ್ದು, ಒಣಗಿಸಿದ್ದು, ಬೆಲ್ಲದ ಪಾಕದಲ್ಲಿ ಕಟ್ಟಿದ್ದು. ನೀರಿನಂಶ ಇಲ್ಲದ್ದರಿಂದ ವಾರಗಟ್ಟಲೆ ಇರುತ್ತದೆ. ತವರಿನಿಂದ ಹೊರಟ ಮಗಳು ಒಯ್ಯುವ ಬುತ್ತಿ, ಗಂಡನ ಮನೆಯ ಓಣಿಯಲ್ಲೆಲ್ಲ ಹಂಚಿದ ಮೇಲೂ ಉಳಿಯುವಂತೆ ಮಾಡಿದ ಅಡುಗೆ ಇದು. ಬಸ್ಸಿನ ಕಂಡಕ್ಟರರ ಕೈಗೆ ಚೀಲ ಕೊಟ್ಟು, ಬಸ್ಸಿನ ನಂಬರು ಫೋನಿನಲ್ಲಿ ತಿಳಿಸಿ, ಆ ಕಡೆ ಬಸ್‌ಸ್ಟ್ಯಾಂಡಿನಲ್ಲಿ ಮಗ ಕಾದು ಇಳಿಸಿಕೊಳ್ಳುವ ಪದ್ಧತಿ ನಮಗೆಲ್ಲ ಗೊತ್ತು. 2021ರಲ್ಲಿ ಸಾರಿಗೆ ನಿಗಮದವರೇ ‘ನಮ್ಮ ಕಾರ್ಗೋ’ ಎಂದು ಸೇವೆ ತೆರೆದ ಮೇಲೆ ರಸೀದಿಯೊಂದಿಗೆ ಕಳಿಸಬಹುದಾಗಿದೆ. ಡಬ್ಬಿಯ ಮೇಲೆ ಹೆಸರು, ಫೋನ್ ನಂಬರು ದಪ್ಪಗೆ ಬರೆಯಿರಿ. ಕೆಳಗೆ ರವೆ ಉಂಡಿ ಇಟ್ಟರೆ ಒಡೆಯುತ್ತವೆ, ಎಳ್ಳುಂಡಿ ಕೆಳಗೆ, ರವೆ ಉಂಡಿ ಮೇಲೆ ಇರಲಿ. ಒಳಗೆ ಒಂದು ಚೀಟಿಯಲ್ಲಿ ಯಾವ ಉಂಡಿ ಯಾರ ಕೈಯದು ಎಂದು ಬರೆದಿಡಿ. ತಿನ್ನುವಾಗ ಮಕ್ಕಳಿಗೆ ಹೇಳಲು ಒಂದು ಹೆಸರು ಸಿಗುತ್ತದೆ.

ವಾಟ್ಸಾಪ್ ಗುಂಪುಗಳ ಬಗ್ಗೆ ಬಹಳ ಹೇಳುವುದಿಲ್ಲ. ಇಂದು ಒಂದು ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಇರಬಹುದು, ಯಾವ ಮನೆತನಕ್ಕೂ ಸಾಕಾಗುವಷ್ಟು ಜಾಗ. ಸುದ್ದಿ ಮುಟ್ಟಿಸಲು ಅದು ಬಹಳ ಉಪಯೋಗ. ಆದರೆ ಎಲ್ಲರಿಗೂ ಒಟ್ಟಿಗೆ ಹೇಳಿದ ಮಾತು ಯಾರೊಬ್ಬರಿಗೂ ಹೇಳಿದಂತೆ ಆಗುವುದಿಲ್ಲ. ಅದರಲ್ಲೂ ಹಿರಿಯರಿಗೆ. ಚಿತ್ರ ಕಳಿಸಿ ಶುಭಾಶಯ ಕೋರುವ ಬದಲು ಒಬ್ಬರಿಗೆ ಒಂದು ಪ್ರಶ್ನೆ ಕೇಳಿ. ‘ಕಾಕಾ, ಈ ಸಲ ಹೆಸರು ಎಷ್ಟು ಚೀಲ ಆತು?’ ‘ಚಿಗವ್ವಾ, ಅಳ್ಳಿಟ್ಟಿಗೆ ಯಾವ ಯಾವ ಕಾಳು ಹುರೀತಿದ್ರಿ?’ ಉತ್ತರ ಹೇಳಬೇಕಾದ ಪ್ರಶ್ನೆ ಕೇಳಿದರೆ ಅವರು ಮಾತನಾಡುತ್ತಾರೆ, ಮಾತನಾಡಿದರೆ ಅವರ ದನಿ ನಮ್ಮಲ್ಲಿ ಉಳಿಯುತ್ತದೆ. ಹೀಗೆ ಕೇಳಿ ಬರೆದುಕೊಂಡ ಅಳ್ಳಿಟ್ಟಿನ ಅಳತೆ ಈಗ ಮೆಲ್ಬರ್ನ್‌ನ ಒಂದು ಅಡುಗೆಮನೆಯ ಗೋಡೆಯ ಮೇಲಿದೆ, ನಮ್ಮ ಚಿಗವ್ವನ ಹೆಸರಿನ ಸಮೇತ.

ವಿದೇಶದಲ್ಲಿರುವ ಮಕ್ಕಳು ಪಂಚಮಿಯ ದಿನ ಹಾಲು ಎರೆಯುವುದು ಹೇಗೆ ಎಂದು ಕಳೆದ ವರ್ಷ ಒಬ್ಬ ಸೊಸೆ ಕೇಳಿದಳು. ಅಲ್ಲಿ ಹುತ್ತವಿಲ್ಲ, ಕಲ್ಲಿನ ನಾಗಪ್ಪನಿಲ್ಲ. ಹಸಿ ಮಣ್ಣಿನಲ್ಲಿ ಒಂದು ನಾಗಪ್ಪನನ್ನು ಮಾಡಿ ಮನೆಯ ಹಿಂದಿನ ಗಿಡದ ಬುಡದಲ್ಲಿ ಇಡಲು ಹೇಳಿದೆವು. ಹಾಲು ಎರೆಯುವಾಗ ಫೋನಿನಲ್ಲಿ ನಾವು ಒಂದೊಂದೇ ಹೆಸರು ಹೇಳಿದೆವು, ಮಕ್ಕಳು ತಿರುಗಿ ಹೇಳಿ ಹಾಲು ಹಾಕಿದರು. ನಡುವೆ ಚಿಕ್ಕವನು ನಿಲ್ಲಿಸಿ ಕೇಳಿದ, ‘ಇಳಕಲ್ಲ ಅತ್ತಿ ಅಂದ್ರ ಯಾರು?’ ಆ ಪ್ರಶ್ನೆಗೆ ಉತ್ತರ ಹೇಳಿದವನು ಅವನ ಅಪ್ಪ. ಸೋದರತ್ತೆ ತನ್ನನ್ನು ಎತ್ತಿ ಆಡಿಸಿದ್ದು, ಓದುವಾಗ ಅವರ ಮನೆಯಲ್ಲಿ ಎರಡು ವರ್ಷ ಉಂಡದ್ದು, ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿ ಅವನೇ ಆಕೆಗೆ ಫೋನು ಹಚ್ಚಿದ.

ಪಂಚಮಿ ಹತ್ತಿರ ಬಂದಿದೆ. ಅಣ್ಣತಮ್ಮಂದಿರೆ, ನಿಮ್ಮ ಅಕ್ಕತಂಗಿಯರು ಎಲ್ಲೇ ಇರಲಿ, ಈ ವಾರದೊಳಗೆ ನೀವೇ ಮಾತನಾಡಿ ಕರೆಯಿರಿ. ಒಂದೇ ಜಿಲ್ಲೆಯಲ್ಲೋ ಪಕ್ಕದ ಜಿಲ್ಲೆಯಲ್ಲೋ ಇದ್ದರೆ ಫೋನು ಬಿಟ್ಟು ಹೋಗಿ ಕರೆದುಕೊಂಡು ಬನ್ನಿ. ಗದಗಿನಿಂದ ಇಳಕಲ್ಲಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಬಹುದು. ನಮ್ಮ ಅತ್ತೆಯನ್ನು ಕರೆತರಲು ಈ ಸಲ ಹುಬ್ಬಳ್ಳಿಯ ತಮ್ಮನ ಮಗ ಹೊರಟಿದ್ದಾನೆ. ಮೊಣಕಾಲು ನೋವಿರುವುದರಿಂದ ಮುಂದಿನ ಸೀಟು ಹಿಡಿಯಲು ಹೇಳಿದ್ದೇವೆ.